ಶೆಟ್ಟರು ಮಾಡಿದ ಕೋಸಿನ ಪಲ್ಯ

ಪೂಜ್ಯ ವಿರಜಾಂಬೆಯವರನ್ನು ನಾವೆಲ್ಲ ಅಮ್ಮನವರು ಎಂದೇ ಕರೆಯುತ್ತಿದ್ದೆವು. ಚಿಂತಾಮಣಿಯ ಕಡೆ ಒಂದು ಬಂಡೆಗುಡ್ಡದ ಬುಡದಲ್ಲಿ ಅವರ ಆಶ್ರಮ. ಆಶ್ರಮವೆಂದರೆ ಏನು ಮಹಾ, ಎರಡು ಹೆಂಚಿನ ಕೋಣೆ, ಒಂದು ಅಡುಗೆಮನೆ, ಅದರ ಹಿಂದೆ ಎಲೆಕೋಸಿನ ಪಾತಿ. ಬೆಳಗಿನ ಜಪ ಮುಗಿಸಿ ಅಮ್ಮನವರು ನೇರ ಪಾತಿಗೆ ಇಳಿಯುತ್ತಿದ್ದರು. ಎಲೆಯ ಅಡಿಯ ಹುಳುಗಳನ್ನು ಒಂದೊಂದಾಗಿ ಹೆಕ್ಕಿ ದೂರ ಬಿಟ್ಟುಬರುತ್ತಿದ್ದರು. ಈಗಿನ ಕೋಸಿಗೆ ಆ ಸಿಹಿ ಎಲ್ಲಿಂದ ಬರಬೇಕು. ಆಶ್ರಮದ ಪಂಕ್ತಿಯಲ್ಲಿ ಕೂತು ಉಂಡವರು ಇವತ್ತಿಗೂ ಊಟದ ಮಾತು ಬಂದರೆ ಆ ಕೋಸನ್ನೇ ನೆನೆಯುತ್ತಾರೆ.

ಒಂದು ದಿನ ಬಟ್ಟೆ ಅಂಗಡಿಯ ಅಶ್ವತ್ಥನಾರಾಯಣ ಶೆಟ್ಟರು ಬಂದು ಅಮ್ಮನವರ ಪಾದಕ್ಕೆರಗಿದರು. ಹೆಂಡತಿ ಸುಬ್ಬರತ್ನಮ್ಮ ತೀರಿಕೊಂಡು ಆಗ ವರ್ಷ ತುಂಬುತ್ತಿತ್ತು. ಮನೆಯಲ್ಲಿದ್ದವಳು ಮಗಳು ನಾಗವೇಣಿ ಒಬ್ಬಳೇ, ಇನ್ನೂ ಲಂಗ ದಾವಣಿಯ ಹುಡುಗಿ.

“ಸಂಸಾರ ಸಾಕಾಗಿದೆ ಅಮ್ಮಾ. ಮಗಳನ್ನ ಅವಳ ಸೋದರಮಾವನ ಮನೆಗೆ ಬಿಟ್ಟು ಇಲ್ಲೇ ಇದ್ದುಬಿಡ್ತೀನಿ. ಜಾಗ ಕೊಡಿ” ಎಂದರು ಶೆಟ್ಟರು.

“ಅವಳಿಗೆ ಹೋಗೋ ಮನಸ್ಸಿದೆಯಾ?” ಎಂದು ಅಮ್ಮನವರು ಕೇಳಿದರು.

“ಅಳ್ತಾಳೆ. ಏನು ಮಾಡಲಿ, ಆ ಮನೇಲಿ ನನಗೆ ಅನ್ನ ಇಳಿಯಲ್ಲ. ಹಿತ್ತಲಲ್ಲಿ ಅವರಮ್ಮ ಹಾಕಿದ್ದ ಕೋಸಿನ ಪಾತೀನ ಈಗ ಇವಳೇ ನೋಡ್ಕೋತಾಳೆ, ಪಲ್ಯಾನೂ ಮಾಡ್ತಾಳೆ. ಆದ್ರೆ ಅವರಮ್ಮನ ಕೈರುಚಿ ಎಲ್ಲಿ, ಇದೆಲ್ಲಿ? ಒಂದು ತುತ್ತಿಗೇ ತಟ್ಟೆ ಸರಿಸಿ ಎದ್ದುಬಿಡ್ತೀನಿ.”

ನಮಗೆಲ್ಲ ಪಾಪ ಎನಿಸಿತು. ಹೆಂಡತಿಯ ಮೇಲೆ ಎಂಥ ಪ್ರೀತಿ ಎಂದುಕೊಂಡೆವು. ನಮ್ಮ ಬುದ್ಧಿಯೇ ಅಷ್ಟು. ಅಮ್ಮನವರು ಎದ್ದು ಪಾತಿಗೆ ಹೋಗಿ, ಗಟ್ಟಿಯಾದ ಒಂದು ಕೋಸು ಕೊಯ್ದು ತಂದು ಶೆಟ್ಟರ ಕೈಗಿಟ್ಟರು.

“ಇವತ್ತಿನ ಪಲ್ಯ ನಿನ್ನದಪ್ಪಾ.”

ಬಟ್ಟೆ ಅಳೆದು ಹರಿದ ಕೈ ಅದು, ಈಳಿಗೆಮಣೆ ಮುಟ್ಟಿದ್ದೇ ಇಲ್ಲ. ಹೆಚ್ಚಿದ ಹೋಳು ಒಂದು ದಪ್ಪ, ಒಂದು ಸಣ್ಣ. ಒಗ್ಗರಣೆಯ ಸಾಸಿವೆ ಸೀದು ಕರಕಲಾಯಿತು. ಕೋಸು ತಾನೇ ನೀರು ಬಿಟ್ಟುಕೊಳ್ಳುತ್ತದೆ ಎಂಬುದು ಅವರಿಗೇನು ಗೊತ್ತು, ಒಂದು ಚೊಂಬು ನೀರು ಸುರಿದರು. ಪಲ್ಯ ಹೋಗಿ ಕೋಸಿನ ಗಂಜಿಯಾಯಿತು.

ಪಂಕ್ತಿಗೆ ಅದನ್ನೇ ಬಡಿಸಬೇಕಾಯಿತು. ಶೆಟ್ಟರೇ ಬಡಿಸಿದರು. ಆಮೇಲೆ ಕಂಬದ ಪಕ್ಕ ನಿಂತು ಒಬ್ಬೊಬ್ಬರ ಮುಖವನ್ನೇ ನೋಡತೊಡಗಿದರು. ನಾನಂತೂ ಹೇಗೋ ನುಂಗಿದೆ. ಅಮ್ಮನವರು ಒಂದು ಹೋಳೂ ಬಿಡದೆ ಉಂಡು ತಲೆಯೆತ್ತಿದರು.

“ನಿನ್ನ ಮಗಳೂ ದಿನಾ ಹೀಗೇ ನಿಂತಿರ್ತಾಳಲ್ವೇನಪ್ಪಾ?”

ತಾಯಿಯನ್ನು ಕಳೆದುಕೊಂಡವಳು ಅವಳು ಎಂಬುದು ಅಷ್ಟು ದಿನ ಶೆಟ್ಟರಿಗೆ ಹೊಳೆದೇ ಇರಲಿಲ್ಲ. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಮ್ಮನವರು ಬೆನ್ನು ಸವರಿ, “ಹೋಗು, ಅಡುಗೆ ಮಾಡಿ ಕಾಯ್ತಿರ್ತಾಳೆ” ಎಂದರು. ಶೆಟ್ಟರು ಸಂಜೆಯ ಬಸ್ಸಿಗೆ ಹೊರಟರು.

ಆಮೇಲಿನದನ್ನು ನಾಗವೇಣಿಯವರ ಬಾಯಿಂದಲೇ ಕೇಳಿದ್ದೇನೆ. ಅವರೀಗ ಮೊಮ್ಮಕ್ಕಳನ್ನು ಕಂಡವರು. ಅಮ್ಮನವರ ಆರಾಧನೆಗೆ ಪ್ರತಿವರ್ಷ ತಪ್ಪದೆ ಬರುತ್ತಾರೆ.

“ಅಪ್ಪ ಬಂದವರೇ ಊಟಕ್ಕೆ ಕೂತರು. ಮಾವನ ಮನೆಗೆ ಕಳಿಸೋ ವಿಷಯ ಹೇಳೋಕೇ ಬಂದಿದ್ದಾರೆ ಅಂದ್ಕೊಂಡೆ. ಪಲ್ಯ ಬಡಿಸಿದೆ. ತಲೆ ಎತ್ತದೆ ಪೂರ್ತಿ ಉಂಡರು. ಇನ್ನಷ್ಟು ಹಾಕಮ್ಮ ಅಂದರು, ಅದನ್ನೂ ಉಂಡರು. ಆಮೇಲೆ ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲೂ ಕಳಿಸಲ್ಲ ಕಣಮ್ಮಾ ಅಂತ ಹೇಳಿ ತಾವೇ ನನಗೆ ಬಡಿಸಿದರು. ಒಂದು ತುತ್ತು ಬಾಯಿಗಿಟ್ಟೆ ನೋಡಿ, ಪಲ್ಯಕ್ಕೆ ನಾನು ಉಪ್ಪೇ ಹಾಕಿರಲಿಲ್ಲ.”