ಮೂಲೆಯ ಕಮರದ ಕಂಬ

ಗುಡ್ಡದ ನೀಲಗಂಗಮ್ಮನವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಹೆಗಲ ಮೇಲೊಂದು ಕರಿಕಂಬಳಿ, ಕೈಯಲ್ಲೊಂದು ಸೋರೆಬುರುಡೆ, ಮುಗಿಯಿತು ಸಂಸಾರ. ಹುಲಗನಾಳದ ಕಣಿವೆದಾರಿಯಲ್ಲಿ ಒಂದು ಬಂಡೆಗೆ ಒರಗಿ ಕೂತಿರುತ್ತಿದ್ದರು. ಆ ಕಣಿವೆಯ ಬಿಸಿಲು ಎಂಥದ್ದೆಂದರೆ, ಬಂಡೆಯ ಮೇಲೆ ರೊಟ್ಟಿ ತಟ್ಟಿ ಹಾಕಿದರೆ ಬೆಂದೇ ಬೇಯುತ್ತದೆ. ತಿರುವಿ ಹಾಕುವ ಕೈ ಉಳಿಯಬೇಕಷ್ಟೆ. ಕಟ್ಟಿಗೆ ಹೊರೆಯ ಹೆಣ್ಣುಮಕ್ಕಳು ದಿನಾ ಅದೇ ದಾರಿಯಲ್ಲಿ ಗುಡ್ಡ ಇಳಿಯಬೇಕು. ಒಂದು ಮಧ್ಯಾಹ್ನ ಅವರಲ್ಲೊಬ್ಬಳು ಹೊರೆ ಸಮೇತ ಕುಸಿದಳು. ಅವ್ವನವರು ತಮ್ಮ ಕಂಬಳಿಯನ್ನೇ ನಾಲ್ಕು ಕೋಲಿಗೆ ಕಟ್ಟಿ ಅವಳಿಗೆ ನೆರಳು ಮಾಡಿದರು. ಅಂದೇ ಊರಿಗೆ ಹೇಳಿಕಳಿಸಿದರು: ಇಲ್ಲೊಂದು ಮಂಟಪ ಆಗಬೇಕು, ಗುಡ್ಡದ ಮರ ಗುಡ್ಡದ ಕಲ್ಲು ಸಾಕು.

ಅವ್ವನವರ ಮಾತನ್ನು ಊರು ಮೀರುವುದುಂಟೇ? ಗೌಂಡಿ ರಾಜೇಸಾಬ ಕಂಬಕ್ಕೊಂದರಂತೆ ಹನ್ನೆರಡು ಅಡಿಗಲ್ಲು ಕೂರಿಸಿದ. ಮರದ ಕೆಲಸಕ್ಕೆ ಕಾಳಹಸ್ತಪ್ಪ ಬಡಿಗೇರ ಬಂದ. ಸುತ್ತ ಹತ್ತೂರಲ್ಲಿ ಅವನಂಥ ಕೈ ಇಲ್ಲ. ಇದನ್ನು ಹತ್ತೂರಿಗೂ ಹೇಳುತ್ತಿದ್ದವನು ಅವನೇ. ಸಾಧು ಸಂತರೆಂದರೆ ಅವನಿಗೆ ಅಷ್ಟಕ್ಕಷ್ಟೆ. ಮಂಟಪ ನಿಲ್ಲುವುದು ಭಕ್ತಿಯಿಂದಲ್ಲ, ಬೆಣೆಯಿಂದ ಎಂದು ಅವ್ವನವರ ಮುಂದೆಯೇ ಅಂದ. ಅವ್ವನವರು, ಖರೆ ಐತಿ ಎಂದು ತಲೆಯಾಡಿಸಿದರು. ಜಗಳಕ್ಕೆ ಸಿದ್ಧವಾಗಿ ಬಂದವನಿಗೆ ಅದೊಂದು ದೊಡ್ಡ ನಿರಾಸೆ.

ಕಂಬಗಳಿಗೆ ಆರಿಸಿದ್ದು ಗುಡ್ಡದ ಕಮರದ ಮರ, ಗಟ್ಟಿತನದಲ್ಲಿ ಕಲ್ಲಿಗೆ ಸಮ. ಆದರೆ ವಯಸ್ಸಾದ ಕಮರ ಕೆಲವೊಮ್ಮೆ ಹೊರಗೆ ಪೈಲ್ವಾನ, ಒಳಗೆ ಪೊಳ್ಳು. ಅದಕ್ಕೇ ಬಡಿಗರು ಕಡಿಯುವ ಮೊದಲು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು, ಕಿವಿಯಿಟ್ಟು ಕೇಳುತ್ತಾರೆ. ಹನ್ನೆರಡನೆಯ ಮರದ ಹತ್ತಿರ ರಾಜೇಸಾಬ, ಬಡಿದು ನೋಡು ಬಡಿಗ್ಯಾರ ಎಂದ. ಇಪ್ಪತ್ತು ಮಂದಿಯೆದುರು ಕಾಳಹಸ್ತಪ್ಪ ಮೀಸೆ ತಿರುವಿದ.

"ಬಡಿದು ನೋಡಾಕ ನಾ ಏನ್ ಸಂತ್ಯಾಗ ಕಲ್ಲಂಗಡಿ ಹಣ್ಣು ಕೊಳ್ಳಾಕ ಬಂದೀನೇನು? ನನ್ನ ಕಣ್ಣು ಸಾಕು."

ಎಲ್ಲರೂ ನಕ್ಕರು. ಮರ ಉರುಳಿತು. ಇಪ್ಪತ್ತು ಮಂದಿ ಎರಡು ದಿನ ಎಳೆದು ಕಣಿವೆಗೆ ತಂದರು. ಬುಡ ಸವರಿ ಚೊಕ್ಕ ಮಾಡುವಾಗ ಕಾಳಹಸ್ತಪ್ಪನ ಉಳಿ ಸರ್ರನೆ ಒಳಗೆ ಹೋಯಿತು. ಒಳಗೆ ಮರವೇ ಇಲ್ಲ, ಬರೀ ಪುಡಿ. ಹೇಳೋಣವೆಂದರೆ ಇಪ್ಪತ್ತು ಮಂದಿಯ ನಗು ಇನ್ನೂ ಕಿವಿಯಲ್ಲೇ ಇದೆ. ಮರದ ಹೊಟ್ಟಿಗೆ ಮೇಣ ಕಲಸಿ ಪೊಳ್ಳಿಗೆ ತುಂಬಿದ, ಮೇಲೆ ನುಣ್ಣಗೆ ತಿಕ್ಕಿದ, ಹಿಂದಿನ ಪಡುವಣ ಮೂಲೆಯಲ್ಲಿ ನಿಲ್ಲಿಸಿದ. ಕಂಡವನು ಅವನೊಬ್ಬ, ಬಿಟ್ಟರೆ ಶಿವ.

ತೊಲೆ, ಜಂತಿ ಏರಿದವು. ಕೀಲುಗಳು ಕೂರಲೆಂದು ಒಂದು ವಾರ ಬಿಟ್ಟು, ಸೋಮವಾರ ಮೇಲೆ ನೂರಾರು ಬುಟ್ಟಿ ಮಣ್ಣು ಹೇರಿ ಮಾಳಿಗೆ ಮಾಡುವುದೆಂದಾಯಿತು.

ಅವ್ವನವರು ಬಂದರು. ಹನ್ನೆರಡೂ ಕಂಬಗಳ ಮೈ ಸವರಿದರು. ಪಡುವಣ ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ. ಯಾರಾದರೂ ಆ ಮೂಲೆಗೆ ಬಂದರೆ, ಇದು ನನ್ನ ಜಾಗ, ನೀವು ಆ ಕಡೆ ಕೂಡ್ರಿ ಎಂದು ಕಳಿಸುತ್ತಿದ್ದರು. ಜಾಗವೇ ಬೇಡವೆಂದಿದ್ದ ತಾಯಿ ಜಾಗ ಹಿಡಿದರು, ಅದೂ ಇಳಿಬಿಸಿಲು ಮುಖಕ್ಕೆ ಹೊಡೆಯುವ ಮೂಲೆ ಎಂದು ಹೆಣ್ಣುಮಕ್ಕಳಿಗೆ ಬೆರಗು. ಕಾಳಹಸ್ತಪ್ಪ ಮೊದಲ ದಿನ ಹಾಸ್ಯ ಮಾಡಿದ. ಮೂರನೆಯ ದಿನ ನಡುಮಂಟಪದಲ್ಲಿ ಒಂದು ಮಣೆ ಹಾಕಿ ಕರೆದ. ಅವ್ವನವರು ಮಣೆಯ ಕೆಲಸ ಚೆನ್ನಾಗಿದೆ ಎಂದರು, ಏಳಲಿಲ್ಲ. ಐದನೆಯ ದಿನದಿಂದ ಅವನಿಗೆ ಅನ್ನ ಇಳಿಯಲಿಲ್ಲ. ಭಾನುವಾರ ಸಂಜೆ ಒಬ್ಬನೇ ಬಂದು ಎದುರಿಗೆ ಕುಕ್ಕರಿಸಿದ.

"ಅಲ್ರೀ, ಹನ್ನೆರಡು ಕಂಬದಾಗ ನಿಮಗ ಇದೇ ಯಾಕ ಬೇಕು?"

ಅವ್ವನವರು ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ ಹೇಳಿದರು:

"ಇದು ಬಿದ್ದರ ಯಾರ ಮ್ಯಾಲರ ಬೀಳಬೇಕಲ್ಲೋ ತಮ್ಮಾ. ನನ್ನ ಮ್ಯಾಲ ಬೀಳಲಿ."

ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಕಂಬ ಗಟ್ಟಿಯಿದೆ, ಬೀಳುವುದಿಲ್ಲ ಎಂದು ಗೊಣಗಿದ. ಹಂಗಾದರ ನಾ ಕೂತರೇನು ಅಂದರು ಅವ್ವನವರು. ಅವನು ಎದ್ದು ಹೋದ.

ಸೋಮವಾರ ಬೆಳಿಗ್ಗೆ ಊರೆಲ್ಲ ಬುಟ್ಟಿ ಹೊತ್ತು ನೆರೆಯಿತು. ಅವ್ವನವರು ಕೂತಲ್ಲೇ ಇದ್ದರು. ಮೊದಲ ಬುಟ್ಟಿಯವನು ಏಣಿಯ ಮೂರನೆಯ ಮೆಟ್ಟಿಲೇರಿದಾಗ ಕಾಳಹಸ್ತಪ್ಪ ಏಣಿ ಹಿಡಿದುಕೊಂಡ. ಇಳಿಯಪ್ಪಾ ಎಂದ. ಬಾಚಿ ತಿರುಗಿಸಿ ಮೂಲೆಯ ಕಂಬದ ಬುಡಕ್ಕೆ ಬಡಿದ. ಹನ್ನೊಂದು ಕಂಬ ಠಣ್ ಅನ್ನುವಲ್ಲಿ ಇದು ಡಬ್ ಎಂದಿತು. ಉಳಿ ಚುಚ್ಚಿ ತಿರುವಿದ; ಮೇಣ, ಹೊಟ್ಟು, ಗೆದ್ದಲ ಪುಡಿ ಎಲ್ಲರ ಕಣ್ಣೆದುರು ಉದುರಿತು.

"ಗೊತ್ತಿತ್ತು ನನಗ," ಎಂದ. "ಗೊತ್ತಿದ್ದೇ ನಿಲ್ಲಿಸೀನಿ."

ರಾಜೇಸಾಬ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ ಅಂದ: "ಕಲ್ಲಂಗಡಿ ಹಣ್ಣು ಕೊಳತೈತಿ ಬಿಡು ಬಡಿಗ್ಯಾರ, ಇನ್ನೊಂದು ತರೂಣು." ಅಷ್ಟಂದು, ತೊಲೆಗೆ ಆಸರೆ ಕೊಡಲು ಮೊದಲು ಹೆಗಲು ಕೊಟ್ಟವನೂ ಅವನೇ. ಅವ್ವನವರು ಸೆರಗು ಕೊಡವಿ ಎದ್ದರು, ತಮ್ಮ ಹಳೆಯ ಬಂಡೆಗೆ ನಡೆದರು.

ಒಳಗಿನ ಪೊಳ್ಳು ಅವ್ವನವರಿಗೆ ತಿಳಿದದ್ದು ಹೇಗೆ? ಅಂಗೈಗೆ ತಿಳಿಯಿತು ಅನ್ನುವವರಿದ್ದಾರೆ, ದಿವ್ಯದೃಷ್ಟಿ ಅನ್ನುವವರಿದ್ದಾರೆ. ಕಂಬದ ಪೊಳ್ಳು ಬಿಡಿ, ಅದನ್ನು ಮುಚ್ಚಿದವನ ಮುಖ ಓದಿದರೆ ಸಾಲದೇ? ಮಹಾತ್ಮರಿಗೆ ಯಾವ ದಾರಿಯೂ ದಾರಿಯೇ.

ಕಾಳಹಸ್ತಪ್ಪ ಹತ್ತು ಮರಗಳಿಗೆ ಬಡಿದು, ಹತ್ತಕ್ಕೂ ಕಿವಿಯಿಟ್ಟು, ಹತ್ತನೆಯದನ್ನು ತಂದ. ಹೊಸ ಕಂಬ ನಿಂತಿತು. ಮಣ್ಣು ಹೇರುವ ದಿನ ಅವನು ಮೇಲೆ ಹತ್ತಲಿಲ್ಲ. ಪಡುವಣ ಮೂಲೆಗೆ ಹೋಗಿ, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತ. ತಲೆಯ ಮೇಲೆ ಬುಟ್ಟಿ ಬುಟ್ಟಿ ಮಣ್ಣು ಧಪ್ ಧಪ್ ಬೀಳುತ್ತಿತ್ತು. ಜಂತಿಯ ಸಂದಿನಿಂದ ಧೂಳು ಉದುರಿ ಮೀಸೆ ಬೆಳ್ಳಗಾಯಿತು. ಊಟಕ್ಕೆ ಕರೆದರೂ ಏಳಲಿಲ್ಲ.

ಆಚೆ ಬಂಡೆಯ ಬುಡದಲ್ಲಿ, ಸುಡುಬಿಸಿಲಲ್ಲೇ, ನೀಲಗಂಗಮ್ಮನವರು ಕಂಬಳಿ ಹೊದ್ದು ಮಗುವಿನಂತೆ ಮಲಗಿಬಿಟ್ಟಿದ್ದರು. ಕಾಳಹಸ್ತಪ್ಪ ಅದನ್ನು ನೋಡಿದ. ಮುಖವೆತ್ತಿ ಮೇಲಿನವರಿಗೆ ಪಿಸುಮಾತಿನಲ್ಲಿ ಹೇಳಿದ:

"ಸಾವಕಾಶ ಸುರೀರ್‍ಯೋ. ನಮ್ಮವ್ವ ಮಲಗ್ಯಾಳ."