ಅಳಿಲಿನ ಉಪಾಯ

ಕೆರೆಯ ಎರಡೂ ದಡದಲ್ಲಿ ಆಮೆಗಳು ಕಾದಿರಲಿ, ಬೇಕಾದವರು ಹತ್ತಿ ಆಚೆ ದಡದಲ್ಲಿ ಇಳಿಯಲಿ ಎಂದು ಮೊದಲು ಹೇಳಿದ್ದು ಒಂದು ಮುದಿ ಅಳಿಲು. ಅದು ಜಾರಿಗೆ ಬಂದಾಗ ಹೆಸರು ಬಂದದ್ದು ಕೆರೆಯ ಮುಖಂಡ ಕೊಕ್ಕರೆಗೆ. ಅಳಿಲು ಸಿಟ್ಟಿನಿಂದ ದಡಕ್ಕೆ ಬಂದು, "ಇದು ನನ್ನ ಉಪಾಯವೆಂದು ಎಲ್ಲರೆದುರು ಒಪ್ಪಿಕೊಳ್ಳಿ," ಎಂದಿತು.

ಅಷ್ಟರಲ್ಲಿ ಆಮೆಯೊಂದರ ಬೆನ್ನಿನಿಂದ ಕುಂಟು ಮೊಲವೊಂದು ಇಳಿಯಿತು. ದಡದಲ್ಲಿ ಕಾದಿದ್ದ ಅದರ ತಂಗಿ, "ಅಕ್ಕಾ, ನಿನ್ನ ಮುಖ ನೋಡಿ ಮೂರು ಮಳೆಗಾಲವಾಯಿತು," ಎಂದು ತಬ್ಬಿಕೊಂಡಿತು. ಅವರ ಹಿಂದೆ ನೀರಿನ ತುಂಬ ಆಮೆಗಳು, ಒಂದೊಂದರ ಮೇಲೂ ಯಾರೋ ಒಬ್ಬರು.

ಕೊಕ್ಕರೆ ತಲೆ ತಗ್ಗಿಸಿ, "ತಪ್ಪಾಯಿತು. ಈಗಲೇ ನಿಮ್ಮ ಹೆಸರು ಸಾರುತ್ತೇನೆ," ಎಂದಿತು.

"ಸ್ವಲ್ಪ ತಡೆಯಿರಿ, ನೋಡುತ್ತೇನೆ," ಎಂದಿತು ಅಳಿಲು. "ನನ್ನ ತಲೆಯಲ್ಲಿದ್ದಾಗ ಇದು ಇಷ್ಟು ದೊಡ್ಡದಿರಲಿಲ್ಲ."