ಗುರುಪಾದ ತಂದ ಭೋಗದ ಸಾಮಾನು

ನಗುವುದಾದರೆ ಮೆಲ್ಲಗೆ ನಗಿ, ದಾನಮ್ಮ ಟೀಚರ ಮುಂದಂತೂ ನಗಲೇಬೇಡಿ. ಗದಗಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ಹೆಂಗಸು ಆಕೆ. ಊರವರ ಮಕ್ಕಳ ತಲೆಗೆಲ್ಲ ಚಾಲುಕ್ಯರನ್ನೂ ರಾಷ್ಟ್ರಕೂಟರನ್ನೂ ತುಂಬಿದಳು. ಹೆತ್ತ ಮಗ ಗುರುಪಾದನ ತಲೆಗೆ ಮಾತ್ರ ಏನೂ ಇಳಿಯಲಿಲ್ಲ. ಮೂವತ್ತರ ಗಂಡಸು, ತಾಯಿಯ ಮಾತು ಮೀರಿದವನಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೂ ಒಂದು ದಿನ ತಡವಾಗಿ.

ಟೀಚರ ತಮ್ಮನ ಮಗಳು ಸುವರ್ಣ ಗೆಳತಿಯರನ್ನು ಕಟ್ಟಿಕೊಂಡು ಕಂಪ್ಯೂಟರಿನಲ್ಲಿ ಆಡುವ ಒಂದು ಆಟ ಮಾಡುತ್ತಿದ್ದಳು. ಆಡುವವನೇ ರಾಜ. ಊರು ಕಟ್ಟಬೇಕು, ದಂಡು ಕೂಡಿಸಬೇಕು. ಜೋಳ ಕೊಟ್ಟರೆ ಪ್ರಜೆಗಳ ಹೊಟ್ಟೆ ತುಂಬುತ್ತದೆ. ಅವರು ಖುಷಿಯಾಗಿ ಇರಬೇಕಾದರೆ ಭೋಗದ ಸಾಮಾನು ಬೇಕು, ಇಲ್ಲದಿದ್ದರೆ ದಂಗೆ ಏಳುತ್ತಾರೆ. ಆಟದಲ್ಲಿ ಬಂಗಾರ ಒಂದೇ ಇತ್ತು. ಇನ್ನು ನಾಲ್ಕು ಆರಿಸಿಕೊಡು ಅತ್ತಿ, ಆಟದಲ್ಲಿ ನಿನ್ನ ಹೆಸರು ಹಾಕ್ತೇನಿ ಎಂದಳು ಸುವರ್ಣ. ಅಷ್ಟು ಓದಿದ್ದರೂ ಟೀಚರ ಹೆಸರು ಎಲ್ಲಿಯೂ ಬಂದಿರಲಿಲ್ಲ. ಆಸೆಯಾಯಿತು. ನಾಲ್ಕು ದಿನ ಯೋಚಿಸಿ ಶ್ರೀಗಂಧ, ರೇಷ್ಮೆ, ಜೇನು, ಮುತ್ತು ಎಂದು ಬರೆದಳು. ಕಣ್ಣಾರೆ ಕಾಣದೆ ಚಿತ್ರ ಬರೆಯುವುದಿಲ್ಲ ಎಂದು ಸುವರ್ಣ ಹಟ ಹಿಡಿದಳು. ಟೀಚರ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಹೋಗಬೇಕಾದವನು ಗುರುಪಾದನೇ.

ಗಂಧದ ಕೊರಡು ತಾ ಎಂದು ಕಳಿಸಿದರೆ ಕಟ್ಟಿಗೆ ಅಡ್ಡೆಗೆ ಹೋಗಿ, ಇದ್ದುದರಲ್ಲಿ ದಪ್ಪನೆಯ ಜಾಲಿ ಕೊರಡು ಹೊತ್ತು ತಂದ. ಟೀಚರು ಹಣೆ ಹಣೆ ಬಡಿದುಕೊಂಡಳು.

"ಮೂಸಿ ನೋಡಬೇಕೋ ಪುಣ್ಯಾತ್ಮಾ. ಘಮ್ಮಂದ್ರ ತಾ, ಇಲ್ಲಾಂದ್ರ ಬಿಡು."

"ಹೂಂ ಅವ್ವಾ, ಮೂಸ್ತೇನಿ."

ಮರುದಿನ ರೇಷ್ಮೆ. ಬೆಟಗೇರಿಯಲ್ಲಿ ಗುರುತಿನ ನೇಕಾರರ ಮನೆಗೆ ಹೋದ. ಮಗ್ಗದ ಮೇಲಿನ ಸೀರೆ ಮೂಸಿದ, ಘಮ್ಮೆನ್ನಲಿಲ್ಲ. ಬಟ್ಟೆ ಹರವುವ ಗಳದ ಮೇಲಿನದನ್ನು ಮೂಸಿದ, ಅದೂ ಇಲ್ಲ. ಕೊನೆಗೆ ನೇಕಾರನ ಹೆಂಡತಿ ಉಟ್ಟಿದ್ದ ಸೀರೆಯ ಸೆರಗು ಹಿಡಿದು ಮೂಗಿಗೆ ಒಯ್ದ. ಆಮೇಲೆ ಏನಾಯಿತು ಎಂಬುದನ್ನು ಅವನ ಬೆನ್ನಿನ ಮೇಲಿನ ಕಸಬರಿಗೆಯ ಬರೆಗಳೇ ಹೇಳಿದವು. ಟೀಚರು ನೇಕಾರರ ಮನೆಗೆ ಫೋನು ಹಚ್ಚಿ ತಪ್ಪಾಯಿತೆಂದು ಹೇಳಿ ಹೇಳಿ ಸೋತಳು. ರೇಷ್ಮೆಯನ್ನು ಅಂಗೈಯಿಂದ ಸವರಿ ನೋಡಬೇಕು, ಈ ಅಂಚಿನಿಂದ ಆ ಅಂಚಿನ ತನಕ, ಮೆತ್ತಗೆ ಎಂದು ತನ್ನದೇ ಸೀರೆಯ ಮೇಲೆ ಕೈ ಆಡಿಸಿ ತೋರಿಸಿದಳು.

"ಹೂಂ ಅವ್ವಾ, ಸವರ್ತೇನಿ."

ಮೂರನೆಯ ದಿನ ಜೇನು. ಹುಳ ಸಾಕಿದವರ ತೋಟಕ್ಕೆ ಹೋದ, ಪೆಟ್ಟಿಗೆಯ ಮುಚ್ಚಳ ತೆಗೆದ, ಜೇನುಹುಟ್ಟನ್ನು ಈ ಅಂಚಿನಿಂದ ಆ ಅಂಚಿನ ತನಕ ಮೆತ್ತಗೆ ಸವರಿದ. ಮನೆಗೆ ಬಂದಾಗ ಹೆತ್ತ ತಾಯಿಗೇ ಗುರುತು ಸಿಗಲಿಲ್ಲ.

ಅವನ ಮುಖಕ್ಕೆ ಸುಣ್ಣ ಹಚ್ಚುತ್ತ ಟೀಚರು ಅತ್ತಳು. ಸಿಟ್ಟಿಗೆ ಅತ್ತಳೋ ಕರುಳಿಗೆ ಅತ್ತಳೋ ಅವಳಿಗೂ ತಿಳಿಯಲಿಲ್ಲ. ಜೇನನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನುಂಗಿ ನೋಡಬೇಕಪ್ಪಾ, ಅಂದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತದೆ ಎಂದಳು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು.

ಮುತ್ತು ಇದ್ದುದು ಸುವರ್ಣಳ ತಾಯಿಕಡೆಯ ಅಜ್ಜಿಯ ನತ್ತಿನಲ್ಲಿ. ಬಿಡಿಸಿ ಒಂದೇ ಒಂದನ್ನು ಅವನ ಕೈಗೆ ಹಾಕಿದ್ದರು. ಗುರುಪಾದ ಬರಿಗೈಯಲ್ಲಿ ಬಂದು ಮುತ್ತು ಬೇಡ ಅವ್ವಾ, ಸಪ್ಪಗೈತಿ ಎಂದ. ಎರಡು ದಿನ ಅವನಿಗೆ ಬಾಳೆಹಣ್ಣು ತಿನ್ನಿಸಿದ್ದೇ ತಿನ್ನಿಸಿದ್ದು. ಮುತ್ತು ಸಿಕ್ಕಿತು. ತೊಳೆದು ತೊಳೆದು ತಿರುಗಿ ಕೊಟ್ಟರು. ನಡುವೆ ಏನಾಯಿತೆಂದು ಅಜ್ಜಿಗೆ ಯಾರೂ ಹೇಳಲಿಲ್ಲ.

ಟೀಚರಿಗೆ ಸಾಕಾಗಿ ಹೋಯಿತು.

"ಇನ್ನ ಮ್ಯಾಲೆ ನಾ ಏನರ ಕೊಟ್ರ ಮೂಸಬ್ಯಾಡ, ಸವರಬ್ಯಾಡ, ನುಂಗಬ್ಯಾಡ. ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕು. ನಾನ ಎದುರಿಗೆ ನಿಂತು ಕೊಡು ಅನ್ನೂತನಕ ಯಾರಿಗೂ ಕೊಡಬ್ಯಾಡ."

"ಹೂಂ ಅವ್ವಾ."

ಹೇಗೋ ಅವರಿವರನ್ನು ಬೇಡಿ ಉಳಿದ ಸಾಮಾನು ತರಿಸಿ, ನಾಲ್ಕಕ್ಕೂ ಚಿತ್ರ ಬರೆಸಿದ್ದಾಯಿತು. ಯಾವ ಸಾಮಾನಿನಿಂದ ಪ್ರಜೆಗಳಿಗೆ ಎಷ್ಟು ಖುಷಿ ಎಂಬುದನ್ನೆಲ್ಲ ಟೀಚರು ಕೂತಲ್ಲೇ ತಿದ್ದಿದಳು. ಭಾನುವಾರ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ಆಟ ತೋರಿಸುವುದು. ಬಂದವರು ಒಪ್ಪಿದರೆ ಅದು ನಾಡೆಲ್ಲ ಹೋಗುತ್ತದೆ. ಸುವರ್ಣ ಹಿಂದಿನ ದಿನವೇ ಹೋಗಿದ್ದಳು. ಮನೆಯ ಇಂಟರ್‌ನೆಟ್ ಕೆಟ್ಟು ಕೂತಿತ್ತು. ಟೀಚರು ತಿದ್ದಿದ ಆಟವನ್ನು ಪೆನ್ ಡ್ರೈವಿಗೆ ಹಾಕಿ, ಸಭಾಭವನಕ್ಕೆ ಒಯ್ಯಿ, ಸುವರ್ಣ ಅಲ್ಲೇ ಇರ್ತಾಳ ಎಂದು ಮಗನನ್ನು ಕಳಿಸಿದಳು. ಅವನು ಒಯ್ದ.

ಹನ್ನೊಂದಕ್ಕೆ ಸುವರ್ಣಳ ಫೋನು ಬಂತು. ಗುರುಪಾದ ತಗಡಿನ ಟ್ರಂಕು ಹೊತ್ತು ಬಂದಿದ್ದಾನೆ, ಕೀಲಿ ಉಡದಾರಕ್ಕೆ ಕಟ್ಟಿಕೊಂಡು ಅದರ ಮೇಲೇ ಕೂತಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದಳು. ಟೀಚರು ಮಗನಿಗೆ ಫೋನು ಹಚ್ಚಿದಳು. ಕೊಡು ಎಂದು ಒದರಿದಳು, ಬೈದಳು, ಕಡೆಗೆ ಅತ್ತು ಬೇಡಿಕೊಂಡಳು. ಆ ಕಡೆಯಿಂದ ಕಟ್ಟಾಯಿತು. ಮತ್ತೆ ಏಳು ಸಲ ಹಚ್ಚಿದರೂ ಎತ್ತಲಿಲ್ಲ.

ಸುವರ್ಣ ವಿಧಿಯಿಲ್ಲದೆ ಬಂಗಾರ ಒಂದೇ ಇದ್ದ ಹಳೆಯ ಆಟ ತೋರಿಸಿದಳು. ಗಂಟೆ ಕಳೆಯುವುದರೊಳಗೆ ಪ್ರಜೆಗಳು ದಂಗೆ ಎದ್ದರು, ನೋಡಲು ಬಂದವರು ಊಟಕ್ಕೆ ಎದ್ದರು. ದಾನಮ್ಮ ಎಂಬ ಹೆಸರು ಯಾರ ಕಣ್ಣಿಗೂ ಬೀಳಲಿಲ್ಲ.

ಸಂಜೆ ಗುರುಪಾದ ಬಂದು ಟ್ರಂಕು ಇಳಿಸಿದ. ಕೀಲಿ ತೆಗೆದು, ಪೆನ್ ಡ್ರೈವನ್ನು ತಾಯಿಯ ಅಂಗೈಯಲ್ಲಿ ಇಟ್ಟ. ಮುಖ ಹಿಗ್ಗಿನಿಂದ ಅರಳಿತ್ತು.

"ತಗೋ ಅವ್ವಾ. ಎಲ್ಲಾರೂ ಕೈ ಮುಗದು ಕೇಳಿದ್ರು, ಕೊಡಲಿಲ್ಲ. ಯಾವಾಕಿನೋ ಒಬ್ಬಾಕಿ ನಿನ್ನ ದನಿ ತಗದು ಫೋನಿನ್ಯಾಗ ಬೈದಳು. ಥೇಟ್ ನಿನ್ಹಂಗ ಅಳ್ತಿದ್ದಳು. ಆಕಿಗೂ ಕೊಡಲಿಲ್ಲ."